9 ಸೆಕೆಂಡಿನ ಹಬೆ, ಆರು ವಾರದ ಕಿರಿಕಿರಿ

ಉಡುಪಿಯ ನಮ್ಮ ಮಾವ ಬೆಂಗಳೂರಿಗೆ ಹೋಗುವುದಿದ್ದರೆ ಪಂಚಗಂಗಾ ರೈಲೇ ಆಗಬೇಕು. ಬಸ್ಸಿನ ಹೆಸರೆತ್ತಿದರೆ ಮುಖ ಸಣ್ಣದು ಮಾಡುತ್ತಾರೆ. ಘಾಟಿಯ ತಿರುವು ಆಗುವುದಿಲ್ಲವೇನೋ ಅಂತ ನಾವು ಅಂದುಕೊಂಡಿದ್ದೆವು. ಆಮೇಲೆ ಗೊತ್ತಾಯಿತು, ರೈಲಿನಲ್ಲಿ ಟಾಯ್ಲೆಟ್ ಉಂಟು, ಬಸ್ಸಿನಲ್ಲಿ ಇಲ್ಲ. ಅಷ್ಟೇ ವಿಷಯ. ಬಯಲಾಟಕ್ಕೆ ಹೋದರೆ ಅಂಚಿನ ಕುರ್ಚಿಯೇ ಬೇಕು. ಮದುವೆ ಹಾಲ್‌ಗೆ ಕಾಲಿಟ್ಟ ತಕ್ಷಣ ಕಣ್ಣು ಹುಡುಕುವುದು ಟಾಯ್ಲೆಟ್ ಬೋರ್ಡನ್ನು. ರಾತ್ರಿ ನಾಲ್ಕೈದು ಸಲ ಏಳುವುದು, ನಿಂತು ಕಾಯುವುದು, ಬಂದರೂ ನೂಲಿನ ಹಾಗೆ ಬರುವುದು. ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ. ವಯಸ್ಸಾಯಿತಲ್ಲ, ಇದೆಲ್ಲ ಇದ್ದದ್ದೇ ಅಂದುಕೊಂಡಿದ್ದರು.

ಕೊನೆಗೆ ಅವರಿಗೆ ದಾರಿ ತೋರಿಸಿದ್ದು ಬೆಳಗಿನ ವಾಕಿಂಗ್ ಗೆಳೆಯರೊಬ್ಬರು. ಅವರು ನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಪ್ರಾಸ್ಟೇಟ್ ಗ್ರಂಥಿಗೆ ಹಬೆ ಚಿಕಿತ್ಸೆ ಮಾಡಿಸಿಕೊಂಡಿದ್ದರು. "ಎಂತ ಸಹ ಇಲ್ಲ ಮಾರಾಯ್ರೆ, ಹತ್ತು ನಿಮಿಷದ ಕೆಲಸ. ನಾನು ಈಗ ರಾತ್ರಿ ಒಮ್ಮೆ ಎದ್ದರೆ ಹೆಚ್ಚು" ಅಂದರು. ಮಾವನೂ ಹೋಗಿ ಅದನ್ನೇ ಮಾಡಿಸಿಕೊಂಡರು. ಎರಡನೇ ವಾರದಲ್ಲಿ ಫೋನ್ ಮಾಡಿದಾಗ ಗೆಳೆಯರ ಮೇಲೆ ಬೆಂಕಿಯಾಗಿದ್ದರು. "ಹತ್ತು ನಿಮಿಷವಂತೆ! ಮೊದಲು ನಾಲ್ಕು ಸಲ ಏಳ್ತಿದ್ದೆ, ಈಗ ಎಂಟು ಸಲ. ಉರಿ ಬೇರೆ."

ಒಂದೇ ಚಿಕಿತ್ಸೆ, ಎರಡು ಕಥೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಪ್ರಾಸ್ಟೇಟ್‌ನ ಈ ಹೊಸ ಸಣ್ಣ ಚಿಕಿತ್ಸೆಗಳ ಬಗ್ಗೆ ಯಾರನ್ನು ಕೇಳಿದರೂ ಹೀಗೇ ಉತ್ತರ ದಕ್ಷಿಣೋತ್ತರ ಆಗುವುದು ಯಾಕೆ ಅಂತ ನಾನು ತಲೆ ಕೆಡಿಸಿಕೊಂಡು ಓದಿದೆ. ಯುರಾಲಜಿ ಡಾಕ್ಟರ ಹತ್ತಿರ ಮಾವನ ಜೊತೆ ಕೂತು ಕೇಳಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗ್ರಂಥಿಯ ವಿಷಯ. ಪ್ರಾಸ್ಟೇಟ್ ಇರುವುದು ಗಂಡಸರಲ್ಲಿ ಮಾತ್ರ, ಮೂತ್ರಚೀಲದ ಬಾಯಿಗೆ ಸರಿಯಾಗಿ ಕೆಳಗೆ. ಯೌವನದಲ್ಲಿ ಸುಮಾರು 20 ಗ್ರಾಂ ತೂಕ. ಸಿಪ್ಪೆ ಸುಲಿಯದ ಒಂದು ಸಣ್ಣ ಹಣ್ಣಡಿಕೆಯನ್ನು ನೆನೆಸಿಕೊಳ್ಳಿ. ಆ ಅಡಿಕೆಯ ನಡುವೆ ತೂತು ಕೊರೆದು ಅದರೊಳಗಿಂದ ಮೂತ್ರದ ನಳಿಗೆ ಹಾಯಿಸಿದಂತಿದೆ ನಮ್ಮ ದೇಹದ ಕೆಲಸಗಾರಿಕೆ. ಯಾರು ಹೀಗೆ ಪ್ಲಂಬಿಂಗ್ ಮಾಡಿದರೋ! ವಯಸ್ಸಾದಂತೆ ಗ್ರಂಥಿ ಒಳಗಿನಿಂದ ಬೆಳೆಯುತ್ತದೆ, ನಳಿಗೆ ಒತ್ತಿಹೋಗುತ್ತದೆ. 50ರಿಂದ 60ರ ವಯಸ್ಸಿನ ಗಂಡಸರಲ್ಲಿ ಅರ್ಧದಷ್ಟು ಜನರ ಗ್ರಂಥಿಯಲ್ಲಿ ಈ ಬೆಳವಣಿಗೆ ಕಾಣುತ್ತದೆ. 80 ದಾಟಿದವರಲ್ಲಿ ಹತ್ತಕ್ಕೆ ಎಂಟು ಜನರಿಗೂ ಜಾಸ್ತಿ. ಆದರೆ ಬೆಳೆದವರಿಗೆಲ್ಲ ತೊಂದರೆ ಆಗಬೇಕು ಅಂತಿಲ್ಲ. 40 ಗ್ರಾಂ ಗ್ರಂಥಿ ಇದ್ದವರು ಒದ್ದಾಡುತ್ತಾರೆ, 90 ಗ್ರಾಂ ಇದ್ದವರು ಆರಾಮಾಗಿರುತ್ತಾರೆ. ಹೊರಗೆ ಬೆಳೆಯಿತೋ, ನಳಿಗೆಯ ಕಡೆಗೆ ಬೆಳೆಯಿತೋ ಅನ್ನುವುದರ ಮೇಲೆ ಹೋಗುತ್ತದೆ ಅದು. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವಂಥದ್ದೂ ಅಲ್ಲ. ಆದರೆ ಒಂದೇ ಮನುಷ್ಯನಿಗೆ ಎರಡೂ ಇರಬಹುದು. ಅದಕ್ಕೇ ಮೊದಲು ಪಿಎಸ್‌ಎ (ಪ್ರಾಸ್ಟೇಟ್ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್) ರಕ್ತಪರೀಕ್ಷೆ ಮಾಡಿಸುವುದು, ಡಾಕ್ಟರು ಬೆರಳಿನಿಂದ ಮುಟ್ಟಿ ನೋಡುವುದು.

ತೊಂದರೆ ಎಷ್ಟಿದೆ ಅಂತ ಅಳೆಯಲು ಡಾಕ್ಟರು ಒಂದು ಹಾಳೆ ಕೊಡುತ್ತಾರೆ. ಏಳು ಪ್ರಶ್ನೆ, ಒಂದೊಂದಕ್ಕೆ 0ಯಿಂದ 5 ಅಂಕ. ಒಟ್ಟು 35. ಇಲ್ಲಿ ಜಾಸ್ತಿ ಅಂಕ ಬಂದವರು ಫೇಲ್. 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20 ಮತ್ತು ಅದಕ್ಕಿಂತ ಮೇಲೆ ತೀವ್ರ. ಕೊನೆಗೆ ಎಂಟನೆಯ ಪ್ರಶ್ನೆ ಒಂದುಂಟು: ಮುಂದಿನ ಬದುಕೆಲ್ಲ ಹೀಗೇ ಇದ್ದರೆ ನಿಮಗೆ ಹೇಗನಿಸುತ್ತದೆ? ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಪ್ರಶ್ನೆ. ಮಾವ ಮೊದಲ ಏಳಕ್ಕೆ ಟಕಟಕ ಟಿಕ್ ಹಾಕಿ ಎಂಟನೆಯದರ ಮುಂದೆ ಪೆನ್ನು ಹಿಡಿದು ಸುಮಾರು ಹೊತ್ತು ಕೂತಿದ್ದರು.

ಹೆಚ್ಚಿನವರಿಗೆ ಮೊದಲು ಮಾತ್ರೆಯೇ. ಟಾಮ್ಸುಲೋಸಿನ್, ಸಿಲೋಡೋಸಿನ್ ಥರದ್ದು ಆ ಜಾಗದ ಸ್ನಾಯುವನ್ನು ಸಡಿಲ ಮಾಡುತ್ತದೆ, ಕೆಲವು ದಿನಗಳಲ್ಲೇ ಗುಣ ಗೊತ್ತಾಗುತ್ತದೆ. ಡುಟಾಸ್ಟರೈಡ್, ಫಿನಾಸ್ಟರೈಡ್ ಗ್ರಂಥಿಯನ್ನೇ ನಿಧಾನಕ್ಕೆ ಕುಗ್ಗಿಸುತ್ತದೆ, ಆರು ತಿಂಗಳಾದರೂ ಬೇಕು. ಈ ಎರಡನೇ ಜಾತಿಯ ಮಾತ್ರೆ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ 2 ಅಂತ ಇದ್ದರೆ ಡಾಕ್ಟರು ಅದನ್ನು 4 ಅಂತ ಓದುತ್ತಾರೆ. ಮಾತ್ರೆ ತಗೊಳ್ಳುವುದನ್ನು ಹೇಳದೇ ಇದ್ದರೆ ಲೆಕ್ಕ ತಪ್ಪುತ್ತದೆ. ಹಾಗೇ ಟಾಮ್ಸುಲೋಸಿನ್ ತಗೊಳ್ಳುವವರು ಕಣ್ಣಿನ ಪೊರೆಯ ಆಪರೇಷನ್‌ಗೆ ಮುಂಚೆ ಕಣ್ಣಿನ ಡಾಕ್ಟರಿಗೆ ತಿಳಿಸಬೇಕು. ಆ ಮಾತ್ರೆಯಿಂದ ಕಣ್ಣಿನ ಪಾಪೆಯ ಸುತ್ತಲಿನ ಪರದೆ ಸಡಿಲಾಗಿ ಆಪರೇಷನ್‌ಗೆ ತೊಡಕಾಗುತ್ತದೆ. ಮಾವನಿಗೆ ಎರಡು ವರ್ಷ ಮಾತ್ರೆ ನಡೆಯಿತು. ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ತಲೆ ತಿರುಗುತ್ತಿತ್ತು. ಒಮ್ಮೆ ಬಚ್ಚಲಲ್ಲಿ ಬಿದ್ದದ್ದೇ ತಡ, ಅತ್ತೆ ಇನ್ನು ಈ ಮಾತ್ರೆ ಬೇಡ ಅಂತ ಹಟ ಹಿಡಿದರು.

ಮಾತ್ರೆ ಸಾಕಾಗದಿದ್ದರೆ ಹಳೆಯ, ಗಟ್ಟಿ ದಾರಿ ಒಂದಿದೆ. ಟಿಯುಆರ್‌ಪಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಮೂತ್ರದ ದಾರಿಯಲ್ಲೇ ಉಪಕರಣ ತೂರಿಸಿ ಒಳಗಿನಿಂದ ಗ್ರಂಥಿಯನ್ನು ಕೆರೆದು ತೆಗೆಯುವುದು. ದೊಡ್ಡ ಗ್ರಂಥಿಯಾದರೆ ಲೇಸರಿನಿಂದ ಒಳಗಿನ ತಿರುಳನ್ನೇ ಬಿಡಿಸಿ ತೆಗೆಯುತ್ತಾರೆ. ಧಾರೆ ಚೆನ್ನಾಗಿ ಬರುವುದಕ್ಕೆ ಇವತ್ತಿಗೂ ಇದನ್ನು ಮೀರಿಸಿದ್ದಿಲ್ಲ. ಮಂಗಳೂರು, ಮಣಿಪಾಲದ ಕಡೆಯ ನಮಗೆ ಇದಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ಮತ್ತೆ ಯಾಕೆ ಹೊಸದು? ಟಿಯುಆರ್‌ಪಿ ಆದ ಹೆಚ್ಚಿನವರಿಗೆ ವೀರ್ಯ ಹೊರಗೆ ಬರುವ ಬದಲು ಹಿಂದಕ್ಕೆ, ಮೂತ್ರಚೀಲಕ್ಕೆ ಹೋಗುತ್ತದೆ. ನಿಮಿರುವುದಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ, ಸುಖಕ್ಕೂ ಅಷ್ಟಾಗಿ ಇಲ್ಲ, ಆದರೆ ಏನೂ ಹೊರಬರುವುದಿಲ್ಲ. ನಮ್ಮ ಕಡೆ ಇದನ್ನು ಡಾಕ್ಟರ ಹತ್ತಿರ ಕೇಳುವವರು ಕಡಿಮೆ. 65 ವರ್ಷದವರಿಗೆ ಅದೆಲ್ಲ ಯಾಕೆ ಅಂತ ಡಾಕ್ಟರೂ ಹೇಳದೆ ಬಿಟ್ಟರೆ, ಮನೆಗೆ ಬಂದ ಮೇಲೆ ಗಾಬರಿಯಾಗುವುದು ರೋಗಿಗೆ. ನಾಚಿಕೆ ಬಿಟ್ಟು ಮೊದಲೇ ಕೇಳುವುದು ವಾಸಿ.

ಇನ್ನು ಹಬೆ. ಇದರ ಹೆಸರು ರೆಜೂಮ್. ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು, ಈಗ ನಮ್ಮ ದೇಶದ ದೊಡ್ಡ ನಗರಗಳಿಗೂ ಬಂದಿದೆ. ಇದು ಅರ್ಥವಾಗಬೇಕಾದರೆ ನಮ್ಮ ಅಡುಗೆಮನೆಯ ಅಟ್ಟಿನಳಗೆ ಸಾಕು. ಕಡುಬು ಬೇಯಿಸುವಾಗ ಮುಚ್ಚಳ ತೆಗೆಯುವ ಗಡಿಬಿಡಿಯಲ್ಲಿ ಕೈಗೆ ಹಬೆ ಹೊಡೆದವರಿಗೆ ಗೊತ್ತು, ಕುದಿಯುವ ನೀರಿಗಿಂತ ಅದು ಜೋರು. ಕಾರಣ ಇಷ್ಟೇ. ಒಂದು ಗ್ರಾಂ ಕುದಿಯುವ ನೀರು ನಮ್ಮ ಮೈಯ ಬಿಸಿಗೆ ಇಳಿಯುವಾಗ ಬಿಡುವ ಶಾಖ ಸುಮಾರು 63 ಕ್ಯಾಲರಿ. ಅದೇ ಒಂದು ಗ್ರಾಂ ಹಬೆ ಬರೀ ನೀರಾಗಿ ಮಾರ್ಪಡುವಾಗಲೇ 540 ಕ್ಯಾಲರಿ ಬಿಟ್ಟಿರುತ್ತದೆ. ಆದ್ದರಿಂದ ತೀರಾ ಸ್ವಲ್ಪ ಹಬೆ ಸಾಕು. ಮೂತ್ರದ ದಾರಿಯಲ್ಲಿ ಕ್ಯಾಮೆರಾ ಇರುವ ಕೊಳವೆ ತೂರಿಸಿ, ಅದರಿಂದ ಸೂಜಿಯೊಂದನ್ನು ಪಕ್ಕದ ಗ್ರಂಥಿಗೆ ಚುಚ್ಚಿ, 103 ಡಿಗ್ರಿಯ ಹಬೆಯನ್ನು 9 ಸೆಕೆಂಡ್ ಬಿಡುತ್ತಾರೆ. ಖರ್ಚಾಗುವ ನೀರು ಅರ್ಧ ಎಂಎಲ್‌ಗೂ ಕಡಿಮೆ. ಹಬೆ ಜೀವಕೋಶಗಳ ಸಂದಿಯಲ್ಲಿ ಹರಡಿ, ನೀರಾಗಿ, ಶಾಖ ಕೊಟ್ಟು ಅವನ್ನು ಕೊಲ್ಲುತ್ತದೆ. ಗ್ರಂಥಿಯೊಳಗಿನ ಭಾಗಗಳ ನಡುವೆ ಗಟ್ಟಿ ಪೊರೆ ಇರುವುದರಿಂದ ಹಬೆ ಆಚೆ ದಾಟುವುದಿಲ್ಲ. ಗ್ರಂಥಿ ಎಷ್ಟು ದೊಡ್ಡದೋ ಅಷ್ಟು ಸಲ, ಒಂದೊಂದು ಸೆಂಟಿಮೀಟರಿಗೆ ಒಂದರಂತೆ ಚುಚ್ಚಿದರೆ ಮುಗಿಯಿತು. ಹತ್ತು ನಿಮಿಷ ಅಂದ ಗೆಳೆಯರ ಮಾತು ಸುಳ್ಳಲ್ಲ.

ಆದರೆ ಹಬೆ ಕೊಂದದ್ದು ಅಲ್ಲೇ ಉಂಟಲ್ಲ! ಟಿಯುಆರ್‌ಪಿಯಲ್ಲಿ ಕೆರೆದದ್ದನ್ನು ಅಲ್ಲೇ ಹೊರಗೆ ತೆಗೆಯುತ್ತಾರೆ. ಇಲ್ಲಿ ಸತ್ತ ಮಾಂಸವನ್ನು ದೇಹವೇ ನಿಧಾನಕ್ಕೆ ಕರಗಿಸಿಕೊಳ್ಳಬೇಕು. ಅದಕ್ಕೆ ಮುಂಚೆ ಆ ಜಾಗ ಬಾತುಕೊಳ್ಳುತ್ತದೆ. ಮೊದಲೇ ಇಕ್ಕಟ್ಟಾದ ನಳಿಗೆ ಇನ್ನೂ ಇಕ್ಕಟ್ಟು. ಇದಕ್ಕಾಗಿಯೇ ಮೂರರಿಂದ ಏಳು ದಿನ ಕ್ಯಾತೀಟರ್, ಅಂದರೆ ಮೂತ್ರವನ್ನು ಹೊರಗಿನ ಒಂದು ಚೀಲಕ್ಕೆ ಹರಿಸುವ ಟ್ಯೂಬ್, ಇಡುವುದು. ಮಾವನಿಗೆ ಐದು ದಿನ ಇತ್ತು. ಬೆಂಗಳೂರಿನ ಮಗಳ ಮನೆಯಲ್ಲಿ ಉಳಿದರು. ಪ್ಯಾಂಟಿನ ಗೊಡವೆಯೇ ಬೇಡ ಅಂತ ಮುಂಡು ಉಟ್ಟು, ಚೀಲವನ್ನು ಕಾಲಿಗೆ ಕಟ್ಟಿಕೊಂಡು ಓಡಾಡಿದರು. ಈ ವಿಷಯದಲ್ಲಿ ನಮ್ಮ ಮುಂಡಿಗೆ ಸರಿಸಾಟಿ ಇಲ್ಲ. ಚೀಲ ಯಾವಾಗಲೂ ಮೂತ್ರಚೀಲಕ್ಕಿಂತ ಕೆಳಗಿರಬೇಕು, ಮಲಗಿದಾಗಲೂ. ಹಾಸಿಗೆಯ ಮೇಲೆ ಇಟ್ಟುಕೊಂಡರೆ ಹೋದದ್ದು ಹಿಂದಕ್ಕೆ ಬರುತ್ತದೆ. ಆರನೇ ದಿನ ಟ್ಯೂಬ್ ತೆಗೆಸಿ ಅದೇ ಸಂಜೆ ಪಂಚಗಂಗಾ ಹತ್ತಿದರು. ಸಕಲೇಶಪುರ ಬರುವಷ್ಟರಲ್ಲಿ ಆರು ಸಲ ಟಾಯ್ಲೆಟ್‌ಗೆ ಹೋಗಿ ಬಂದಿದ್ದರಂತೆ. ಎದುರಿನ ಸೀಟಿನವರು ಪಾಪ, ಹೊಟ್ಟೆ ಕೆಟ್ಟಿದೆ ಅಂದುಕೊಂಡು ಮಜ್ಜಿಗೆ ಕುಡಿಯಲು ಹೇಳಿದರು.

ನಂತರದ ದಿನಗಳು ಹೆಚ್ಚಿನವರಿಗೆ ಹೀಗೇ ಸಾಗುತ್ತವೆ. ಮೊದಲ ಎರಡು ವಾರ ಉರಿ, ಅವಸರ, ಆಗಾಗ ಕೆಂಪು ಬಣ್ಣ, ಕೆಲವೊಮ್ಮೆ ಸಣ್ಣ ಚೂರುಗಳು. ವೀರ್ಯದಲ್ಲಿ ರಕ್ತ ಕಾಣುವುದೂ ಉಂಟು. ಎರಡನೇ ವಾರದಿಂದಾಚೆ ಒಂದು ದಿನ ಚೆನ್ನಾಗಿ, ಇನ್ನೊಂದು ದಿನ ಹಾಳು. ಆರನೇ ವಾರದ ಹೊತ್ತಿಗೆ ಸುಧಾರಿಸಿದ್ದು ಮನೆಯವರಿಗೂ ಗೊತ್ತಾಗುತ್ತದೆ. ಪೂರ್ತಿ ಗುಣ ಸಿಗಲು ಸುಮಾರು ಮೂರು ತಿಂಗಳು. ಅಂದರೆ ಗೆಳೆಯರನ್ನು ಮಾವ ಕೇಳಿದ್ದು ನಾಲ್ಕನೇ ತಿಂಗಳಲ್ಲಿ, ನಾನು ಮಾವನನ್ನು ಕೇಳಿದ್ದು ಎರಡನೇ ವಾರದಲ್ಲಿ. ನಾಲ್ಕನೇ ತಿಂಗಳಿಗೆ ಬಂದವರಿಗೆ ಎರಡನೇ ವಾರ ಮರೆತೇ ಹೋಗಿರುತ್ತದೆ, ಹೆರಿಗೆಯ ನೋವಿನ ಹಾಗೆ ಅಂತ ಅತ್ತೆ ಹೇಳುತ್ತಾರೆ. ಯಾರಾದರೂ ತಮ್ಮ ಅನುಭವ ಹೇಳಿದರೆ ಮೊದಲು ಕೇಳಬೇಕಾದದ್ದು, ಆಗಿ ಎಷ್ಟು ವಾರ ಆಯ್ತು ಅಂತ. ಇಲ್ಲಿ ಒಂದು ಎಚ್ಚರಿಕೆ. ಉರಿ ಸಹಜ, ಆದರೆ ಚಳಿ ಜ್ವರ ಬಂದರೆ, ರಕ್ತ ಗಡ್ಡೆಗಟ್ಟಿ ಬಂದರೆ ಅಥವಾ ಮೂತ್ರ ಪೂರ್ತಿ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು.

ಈ ಚಿಕಿತ್ಸೆಯನ್ನು ಪರೀಕ್ಷಿಸಿದ ರೀತಿ ನನಗೆ ಬಹಳ ಸ್ವಾರಸ್ಯ ಅನಿಸಿತು. ಅಮೆರಿಕದಲ್ಲಿ 197 ಜನರನ್ನು ತೆಗೆದುಕೊಂಡು, ಮೂರರಲ್ಲಿ ಎರಡು ಪಾಲು ಜನರಿಗೆ ನಿಜವಾದ ಹಬೆ ಕೊಟ್ಟರು. ಉಳಿದವರಿಗೆ ಕೊಳವೆ ತೂರಿಸಿದರು, ಯಂತ್ರದ ಸದ್ದು ಕೇಳಿಸಿದರು, ಹಬೆ ಮಾತ್ರ ಬಿಡಲಿಲ್ಲ. ಯಾರಿಗೆ ಯಾವುದು ಅಂತ ರೋಗಿಗೆ ಹೇಳಲಿಲ್ಲ. ಮೂರು ತಿಂಗಳಿಗೆ ಆ 35ರ ಹಾಳೆಯಲ್ಲಿ ಹಬೆ ಪಡೆದವರ ಅಂಕ ಸರಾಸರಿ 11 ಇಳಿದಿತ್ತು. ಸುಮ್ನೆ ಕೊಳವೆ ಹಾಕಿಸಿಕೊಂಡವರದ್ದೂ 4 ಇಳಿದಿತ್ತು! ಏನೂ ಮಾಡದೆಯೂ 4 ಅಂಕ. ಚಿಕಿತ್ಸೆ ಆಯಿತು ಅನ್ನುವ ನಂಬಿಕೆಗೇ ಅಷ್ಟು ಬಲ. ಹಾಗಾಗಿ "ನನಗೆ ಒಳ್ಳೆಯದಾಯಿತು" ಅನ್ನುವ ಒಬ್ಬರ ಮಾತಿನಲ್ಲಿ ಹಬೆಯ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಅಂತ ಬಿಡಿಸುವುದು ಕಷ್ಟ. ಐದು ವರ್ಷದ ಹೊತ್ತಿಗೆ ಮತ್ತೆ ಆಪರೇಷನ್ ಬೇಕಾದವರು ನೂರಕ್ಕೆ ನಾಲ್ಕೈದು ಜನ. ಆದರೆ ಅಷ್ಟು ವರ್ಷ ತಪಾಸಣೆಗೆ ಬರುತ್ತಾ ಇದ್ದವರ ಲೆಕ್ಕ ಮಾತ್ರ ಗಟ್ಟಿಯಾಗಿ ಸಿಗುವುದು, ನಡುವೆ ಬಿಟ್ಟುಹೋದವರದ್ದಲ್ಲ. ನಾನಾದರೆ ಆ ಸಂಖ್ಯೆಯನ್ನು ಸ್ವಲ್ಪ ಹಿಗ್ಗಿಸಿಯೇ ಓದುತ್ತೇನೆ.

ಹಬೆಯ ಜೊತೆಗೆ ಇನ್ನೆರಡು ಹೆಸರು ಕಿವಿಗೆ ಬೀಳುತ್ತವೆ. ಒಂದು ಯುರೋಲಿಫ್ಟ್. ಮಳೆಗಾಲದಲ್ಲಿ ಜಗಲಿಗೆ ಇಳಿಬಿಟ್ಟ ಟರ್ಪಾಲನ್ನು ಎರಡೂ ಬದಿಗೆ ಸರಿಸಿ ಕಂಬಕ್ಕೆ ಕಟ್ಟುತ್ತೇವಲ್ಲ, ಹಾಗೆ ಗ್ರಂಥಿಯ ಎರಡು ಪಕ್ಕವನ್ನು ಎಳೆದು ದಾರದ ಸಣ್ಣ ಕೊಂಡಿಗಳಿಂದ ಕಟ್ಟಿ ನಡುವೆ ದಾರಿ ಬಿಡಿಸುವುದು. ಏನನ್ನೂ ಕೆರೆಯುವುದಿಲ್ಲ, ಸುಡುವುದಿಲ್ಲ. ಎಷ್ಟೋ ಜನರಿಗೆ ಕ್ಯಾತೀಟರೇ ಬೇಡ, ಗುಣ ಬೇಗ ಗೊತ್ತಾಗುತ್ತದೆ, ವೀರ್ಯಕ್ಕೆ ತೊಂದರೆ ಇಲ್ಲ. ಆದರೆ ಧಾರೆಯ ಜೋರು ಟಿಯುಆರ್‌ಪಿಯಷ್ಟು ಬರುವುದಿಲ್ಲ, ಗ್ರಂಥಿ ಬೆಳೆಯುವುದೂ ನಿಲ್ಲುವುದಿಲ್ಲ. ಇದರ ಮುಖ್ಯ ಅಧ್ಯಯನದಲ್ಲಿ ಐದು ವರ್ಷದೊಳಗೆ ನೂರಕ್ಕೆ 13-14 ಜನರಿಗೆ ಮತ್ತೆ ಚಿಕಿತ್ಸೆ ಬೇಕಾಯಿತು.

ಇನ್ನೊಂದು, ಗ್ರಂಥಿಗೆ ರಕ್ತ ತರುವ ನಾಳವನ್ನು ಮುಚ್ಚುವುದು. ಇದನ್ನು ಮಾಡುವವರು ಯುರಾಲಜಿಯವರಲ್ಲ, ರೇಡಿಯಾಲಜಿಯವರು. ನಮ್ಮೂರಲ್ಲಿ ಮನೆಗೊಬ್ಬರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಕಥೆ ಇರುವುದರಿಂದ ಅರ್ಥಮಾಡಿಸುವುದು ಸುಲಭ. ಅದೇ ರೀತಿ ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ತೆಳು ನಳಿಗೆ ಹೋಗುತ್ತದೆ. ಹೃದಯದಲ್ಲಿ ಮುಚ್ಚಿದ್ದನ್ನು ತೆರೆಯುತ್ತಾರೆ. ಇಲ್ಲಿ ತೆರೆದದ್ದನ್ನು ಮರಳಿನಂಥ ಸಣ್ಣ ಕಣಗಳಿಂದ ಮುಚ್ಚುತ್ತಾರೆ. ರಕ್ತ ಸಿಗದೆ ಗ್ರಂಥಿ ಕುಗ್ಗುತ್ತದೆ. ಗ್ರಂಥಿ ತುಂಬಾ ದೊಡ್ಡದಿದ್ದವರಿಗೆ, ಆಪರೇಷನ್ ತಡೆಯಲಾರದವರಿಗೆ ಇದು ಒಗ್ಗಬಹುದು. ಕೆಲವು ದಿನ ಕಿಬ್ಬೊಟ್ಟೆ ನೋವು, ಸಣ್ಣ ಜ್ವರ ಇರುತ್ತದೆ. ವಯಸ್ಸಾದವರ ರಕ್ತನಾಳ ತಿರುಚಿಕೊಂಡಿದ್ದರೆ ನಳಿಗೆ ಹೋಗುವುದೇ ಕಷ್ಟ.

ಅಂದಹಾಗೆ ಹೃದಯಕ್ಕೆ ಸ್ಟೆಂಟ್ ಆದವರು ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿರುತ್ತಾರೆ. ಪ್ರಾಸ್ಟೇಟ್‌ಗೆ ಏನೇ ಮಾಡಿಸುವುದಿದ್ದರೂ ಅದನ್ನು ತಾವಾಗಿಯೇ ನಿಲ್ಲಿಸಬಾರದು. ಹೃದಯದ ಡಾಕ್ಟರೂ ಮೂತ್ರದ ಡಾಕ್ಟರೂ ಮಾತಾಡಿಕೊಳ್ಳಲಿ.

ಹಬೆಯ ದೊಡ್ಡ ಅಧ್ಯಯನ ನಡೆದದ್ದು 30ರಿಂದ 80 ಗ್ರಾಂ ಗ್ರಂಥಿ ಇದ್ದವರ ಮೇಲೆ. ಆಕಾರವೂ ಲೆಕ್ಕಕ್ಕೆ ಬರುತ್ತದೆ. ಕೆಲವರಲ್ಲಿ ಗ್ರಂಥಿಯ ನಡುಭಾಗ ಮೇಲಕ್ಕೆ, ಮೂತ್ರಚೀಲದೊಳಕ್ಕೆ ಬೆಳೆದು ಬೆಂಡಿನ ಹಾಗೆ ಬಾಯಿ ಮುಚ್ಚುತ್ತದೆ. ಬದಿಗೆ ಕಟ್ಟುವ ಚಿಕಿತ್ಸೆ ಶುರುವಾದಾಗ ಇಂಥವರಿಗೆ ಮಾಡುತ್ತಲೇ ಇರಲಿಲ್ಲ. ಹಬೆಯಿಂದ ಆ ಭಾಗಕ್ಕೂ ಚುಚ್ಚಬಹುದು. ಸ್ಕ್ಯಾನ್ ಮತ್ತು ಕ್ಯಾಮೆರಾ ಪರೀಕ್ಷೆ ಮಾಡದೆ ಯಾರಾದರೂ "ನಿಮಗೆ ಇದೇ ಒಳ್ಳೆಯದು" ಅಂದರೆ ನಾನು ಇನ್ನೊಬ್ಬ ಡಾಕ್ಟರನ್ನು ಕಾಣುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಮೂತ್ರಚೀಲವನ್ನು. ಅಡಿಕೆ ತೋಟ ಇದ್ದವರಿಗೆ ಹೇಳಬೇಕಾಗಿಲ್ಲ. ಗೇಟ್‌ವಾಲ್ವ್ ಅರ್ಧ ಮುಚ್ಚಿ ವರ್ಷಗಟ್ಟಲೆ ಪಂಪು ಓಡಿಸಿದರೆ ಪಂಪಿನ ಗತಿ ಏನು? ಆಮೇಲೆ ವಾಲ್ವ್ ಪೂರ್ತಿ ತೆರೆದರೂ ಸ್ಪ್ರಿಂಕ್ಲರ್ ತಿರುಗುವುದಿಲ್ಲ. ಮೂತ್ರಚೀಲ ಕೂಡ ಅಡ್ಡಿಯ ವಿರುದ್ಧ ತಳ್ಳಿ ತಳ್ಳಿ ಮೊದಲು ದಪ್ಪಗಾಗುತ್ತದೆ, ಸಿಡುಕುತ್ತದೆ, ಸ್ವಲ್ಪ ತುಂಬಿದರೂ ಅವಸರ ಮಾಡುತ್ತದೆ. ಇನ್ನೂ ಬಿಟ್ಟರೆ ಸೋತು ಜೋಲುಬೀಳುತ್ತದೆ. ಸೋತ ಮೂತ್ರಚೀಲ ಇದ್ದವರಿಗೆ ಹಬೆ ಕೊಟ್ಟರೂ, ಕೆರೆದು ತೆಗೆದರೂ ಧಾರೆ ಬರುವುದು ಅಷ್ಟಕ್ಕಷ್ಟೇ. ಅವರು ಊರಿಡೀ "ದುಡ್ಡು ದಂಡ" ಅಂತ ಹೇಳುತ್ತಾರೆ. ಒಂದಕ್ಕೆ ಹೋದ ಮೇಲೆ ಒಳಗೆ ಎಷ್ಟು ಉಳಿಯಿತು ಅಂತ ಸ್ಕ್ಯಾನಿನಲ್ಲಿ ನೋಡುವುದು, ಯಂತ್ರದೊಳಗೆ ಒಂದಕ್ಕೆ ಹೋಗಿಸಿ ಧಾರೆ ಅಳೆಯುವುದು ಈ ಕಾರಣಕ್ಕೆ.

ಚಿಕಿತ್ಸೆಗೆ ಅವಸರವಿಲ್ಲದವರೂ ಇದ್ದಕ್ಕಿದ್ದಂತೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡುವುದು ನಮ್ಮ ಮಳೆಗಾಲದಲ್ಲಿ ಒಂದು ಸಣ್ಣ ಕಾರಣಕ್ಕೆ. ಶೀತ ಅಂತ ಮೆಡಿಕಲ್‌ನಿಂದ ತಂದ ಮಾತ್ರೆ. ಮೂಗು ಬಿಡಿಸುವ ಮದ್ದು ಮೂತ್ರಚೀಲದ ಬಾಯಿಯನ್ನು ಬಿಗಿಮಾಡುತ್ತದೆ. ಅದರ ಜೊತೆಗಿರುವ ನಿದ್ದೆ ಬರಿಸುವ ಅಲರ್ಜಿ ಮದ್ದು ಚೀಲದ ಸ್ನಾಯುವನ್ನು ಮಂಕು ಮಾಡುತ್ತದೆ. ಮೇಲಿಂದ ಎರಡು ಪೆಗ್ ಹಾಕಿದರೆ ಮೂತ್ರ ಕಟ್ಟುವುದಕ್ಕೆ ಬೇರೆ ಕಾರಣ ಬೇಡ.

ಹೊರಡುವ ಮುಂಚೆ ಇನ್ಶೂರೆನ್ಸ್‌ನವರ ಹತ್ತಿರ ಚಿಕಿತ್ಸೆಯ ಹೆಸರನ್ನೇ ಹೇಳಿ ಬರವಣಿಗೆಯಲ್ಲಿ ಕೇಳುವುದು ಒಳ್ಳೆಯದು. ಹಬೆಯ ಸೂಜಿಯ ಉಪಕರಣ, ಕಟ್ಟುವ ಕೊಂಡಿ ಎಲ್ಲ ಒಬ್ಬರಿಗೆ ಒಮ್ಮೆ ಮಾತ್ರ ಬಳಸುವಂಥದ್ದು, ಬಿಲ್ಲಿನಲ್ಲಿ ಅದು ಕಾಣುತ್ತದೆ. ಇನ್ನೊಂದು ಮಾತು. ಟಿಯುಆರ್‌ಪಿಯಲ್ಲಿ ತೆಗೆದ ಚೂರುಗಳು ಲ್ಯಾಬ್‌ಗೆ ಹೋಗುತ್ತವೆ. ಹಬೆಯಲ್ಲಿ ಲ್ಯಾಬ್‌ಗೆ ಕಳಿಸಲು ಏನೂ ಸಿಗುವುದಿಲ್ಲ. ಹಾಗಾಗಿ ಪಿಎಸ್‌ಎ ಬಗ್ಗೆ ಸಂಶಯ ಇದ್ದರೆ ಅದನ್ನು ಮೊದಲೇ ತೀರಿಸಿಕೊಳ್ಳಬೇಕು. ಚಿಕಿತ್ಸೆ ಆದ ಮೇಲೂ ವರ್ಷ ವರ್ಷ ಆ ಪರೀಕ್ಷೆ ಬಿಡುವ ಹಾಗಿಲ್ಲ.

ಮಾವನಿಗೆ ಈಗ ಏಳನೇ ತಿಂಗಳು. ಹಾಳೆಯಲ್ಲಿ 23 ಇದ್ದದ್ದು 9ಕ್ಕೆ ಇಳಿದಿದೆ. ಗೆಳೆಯರ ಜೊತೆ ಮತ್ತೆ ಮಾತಾಡುತ್ತಾರೆ. ಹಗಲಿನ ತೊಂದರೆ ಇಲ್ಲವೇ ಇಲ್ಲ ಅನ್ನಬಹುದು. ಆದರೆ ರಾತ್ರಿ ಇನ್ನೂ ಎರಡು ಸಲ ಏಳುತ್ತಿದ್ದರು. ಇಷ್ಟೆಲ್ಲ ಮಾಡಿಯೂ ಇದೆಂಥದ್ದು ಅಂತ ಡಾಕ್ಟರ ಹತ್ತಿರ ಗೊಣಗಿದರು. ಡಾಕ್ಟರು ಮೂರು ದಿನ ಲೆಕ್ಕ ಬರೆಯಲು ಹೇಳಿದರು. ಎಷ್ಟು ಹೊತ್ತಿಗೆ ಏನು ಕುಡಿದರು, ಎಷ್ಟು ಹೊತ್ತಿಗೆ ಎಷ್ಟು ಎಂಎಲ್ ಹೋಯಿತು. ಅಳೆಯಲು ಅತ್ತೆ ಹಳೆಯದೊಂದು ಜಗ್ ಕೊಟ್ಟು, ಇನ್ನು ಇದನ್ನು ಅಡುಗೆಮನೆಗೆ ತರಬೇಡಿ ಅಂದರು. ಲೆಕ್ಕ ನೋಡಿದರೆ ರಾತ್ರಿ ಎದ್ದಾಗಲೆಲ್ಲ 300, 350 ಎಂಎಲ್ ಸಲೀಸಾಗಿ ಹೋಗುತ್ತಿತ್ತು. ಪ್ರಾಸ್ಟೇಟ್ ಅಡ್ಡ ಬಂದವರಿಗೆ ಹಾಗೆ ಹೋಗುವುದಿಲ್ಲ, ಸ್ವಲ್ಪ ಸ್ವಲ್ಪ ಹೋಗುತ್ತದೆ. ಅಂದರೆ ದೇಹ ರಾತ್ರಿಯೇ ಜಾಸ್ತಿ ಮೂತ್ರ ಮಾಡುತ್ತಿತ್ತು. ಇದಕ್ಕೆ ಸಕ್ಕರೆ ಕಾಯಿಲೆ, ಕಾಲಿನ ಬಾವು, ಸಂಜೆ ತಗೊಳ್ಳುವ ಬಿಪಿ ಮಾತ್ರೆ, ಗೊರಕೆಯ ಕಾಯಿಲೆ ಹೀಗೆ ಹಲವು ಕಾರಣ ಇರಬಹುದು. ಒಂದೊಂದಾಗಿ ಕೇಳುತ್ತಾ ಬಂದ ಡಾಕ್ಟರು ಕೊನೆಗೆ ರಾತ್ರಿ ಊಟ ಏನು ಅಂತ ಕೇಳಿದರು.

"ಕುಚ್ಚಲಕ್ಕಿ ಗಂಜಿ" ಅಂದರು ಮಾವ. "ಒಂಬತ್ತೂವರೆಗೆ. ಎರಡು ದೊಡ್ಡ ಬಟ್ಟಲು, ತೆಳಿ ಸಮೇತ."